ಲೇಥ್ ಲಾರಿ ಹತ್ತಿದ ಮೇಲೆ: ಒಬ್ಬ ಟರ್ನರ್‌ನ ಹದಿನಾಲ್ಕು ತಿಂಗಳ ನಿರುದ್ಯೋಗ

ಈ ಪ್ರಕರಣದ ವ್ಯಕ್ತಿಯನ್ನು ಅವರ ಕಸುಬಿನ ಹೆಸರಿನಿಂದಲೇ ಟರ್ನರ್ (ಲೇಥ್ ಯಂತ್ರದಲ್ಲಿ ಲೋಹ ಕಡೆಯುವವರು) ಎಂದು ಕರೆಯೋಣ. ಗುರುತು ಸಿಗದಿರಲೆಂದು ಊರು, ಕಾರ್ಖಾನೆ ಮತ್ತು ಅಲ್ಲಿ ತಯಾರಾಗುತ್ತಿದ್ದ ಬಿಡಿಭಾಗದ ವಿವರಗಳನ್ನು ಬದಲಿಸಲಾಗಿದೆ. ಹಣದ ಮೊತ್ತಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಹೊಂದಿಸಲಾಗಿದೆ. ಕಾನೂನು ಮತ್ತು ಯೋಜನೆಗಳ ವಿವರ ಮಾತ್ರ ಇದ್ದದ್ದು ಇದ್ದಂತೆ.

ಹಿನ್ನೆಲೆ

ಐಟಿಐನಲ್ಲಿ ಟರ್ನರ್ ಟ್ರೇಡ್ ಮುಗಿಸಿ, ಎರಡು ಕಡೆ ಸಣ್ಣಪುಟ್ಟ ಕೆಲಸ ಮಾಡಿ, ಅವರು 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊರವಲಯದ ಜಾಬ್‌ವರ್ಕ್ ಕಾರ್ಖಾನೆಯೊಂದನ್ನು ಸೇರಿದರು. ಲಾರಿಗಳಿಗೆ ಬೇಕಾಗುವ ಬುಷ್, ಪಿನ್, ಫ್ಲೇಂಜ್‌ಗಳನ್ನು ಕಡೆದು ದೊಡ್ಡ ಕಂಪನಿಗೆ ಮಾಲು ಕೊಡುವವರಿಗೆ ಮಾಲು ಕೊಡುವ ಘಟಕ ಅದು. 62 ಕಾರ್ಮಿಕರು, 9 ಹಳೆಯ ಲೇಥ್‌ಗಳು, 4 ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ) ಟರ್ನಿಂಗ್ ಯಂತ್ರಗಳು. 2019ರ ಮಧ್ಯದ ಹೊತ್ತಿಗೆ ಟರ್ನರ್‌ಗೆ 41 ವರ್ಷ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ, ಉಳಿದ ಭತ್ಯೆಗಳನ್ನೂ ಸೇರಿಸಿದರೆ 19,200. ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಎರಡೂ ಇದ್ದವು. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮೇಲೆ. ಇಬ್ಬರು ಮಕ್ಕಳು ಹೈಸ್ಕೂಲಿನಲ್ಲಿ.

ಒಂದೇ ಸೂರಿನಡಿ ಎರಡು ಕಾಲದ ಯಂತ್ರಗಳು ಇದ್ದದ್ದು ಹೇಗೆ ಎಂಬುದು ಇಲ್ಲಿ ಮುಖ್ಯ. ಒಂದು ಬಗೆಯ ಬುಷ್ಷನ್ನು ಲೇಥ್‌ನಲ್ಲಿ ಪಾಳಿಗೆ 60ರಂತೆ ಕಡೆಯಬಹುದಿತ್ತು. ಸಿಎನ್‌ಸಿಯಲ್ಲಿ ಅದೇ ಪಾಳಿಗೆ 220 ಬರುತ್ತಿತ್ತು, ಅದರ ಮೇಲೆ ಒಬ್ಬ ಆಪರೇಟರ್ ಎರಡು ಯಂತ್ರ ನೋಡಿಕೊಳ್ಳುತ್ತಿದ್ದ. ಹಾಗಿದ್ದೂ ಲೇಥ್‌ಗಳು ಓಡುತ್ತಿದ್ದವು, ಏಕೆಂದರೆ ಆರ್ಡರ್ ತುಂಬಿ ತುಳುಕುತ್ತಿತ್ತು, ಲೇಥ್‌ಗಳ ಸಾಲ ಎಂದೋ ತೀರಿತ್ತು, ಓಡುವ ಯಂತ್ರವನ್ನು ನಿಲ್ಲಿಸಿ ಅದರ ಜಾಗದಲ್ಲಿ ಬೇರೆಯದನ್ನು ಕೂರಿಸಲು ಮಾಲೀಕರಿಗೆ ಪುರುಸೊತ್ತೇ ಇರಲಿಲ್ಲ. ಟರ್ನರ್‌ನ ಕೆಲಸ ಹತ್ತು ವರ್ಷಗಳಿಂದಲೇ ಹಳತಾಗುತ್ತಿತ್ತು. ಅದನ್ನು ಮುಚ್ಚಿಟ್ಟಿದ್ದದ್ದು ಬೇಡಿಕೆ.

ಆರ್ಡರ್ ಕುಸಿದ ವರ್ಷ

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳ ಆಕ್ಸಲ್ ಭಾರದ ಮಿತಿಯನ್ನು ಹೆಚ್ಚಿಸಿತು. ಇದ್ದ ಲಾರಿಯಲ್ಲೇ ಹೆಚ್ಚು ಸರಕು ಸಾಗಿಸಬಹುದೆಂದಾದಾಗ ಹೊಸ ಲಾರಿಯ ಅಗತ್ಯ ಕುಗ್ಗಿತು. ಅದೇ ಸೆಪ್ಟೆಂಬರ್‌ನಲ್ಲಿ ಐಎಲ್ ಅಂಡ್ ಎಫ್‌ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸಲಾಗದೆ ಕುಸಿದು, ವಾಹನ ಸಾಲ ಕೊಡುವ ಹಣಕಾಸು ಸಂಸ್ಥೆಗಳ ಕೈ ಕಟ್ಟಿತು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಬಿಎಸ್–6 ಮಾನದಂಡ ಕಡ್ಡಾಯ ಎಂಬ ಗಡುವು ಮುಂದಿದ್ದುದರಿಂದ ತಯಾರಕರು ಬಿಎಸ್–4 ದಾಸ್ತಾನು ತಗ್ಗಿಸತೊಡಗಿದರು. ಮೂರೂ ಸೇರಿ 2019–20ರಲ್ಲಿ ದೇಶದೊಳಗಿನ ಒಟ್ಟು ವಾಹನ ಮಾರಾಟ ಶೇ 18ರಷ್ಟು ಇಳಿಯಿತು. ಲಾರಿಗಳ ಇಳಿಕೆ ಅದಕ್ಕಿಂತಲೂ ಜೋರು.

ಕಾರ್ಖಾನೆಯೊಳಗೆ ಇದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. 2019ರ ಜೂನ್‌ನಲ್ಲಿ ಓಟಿ (ಹೆಚ್ಚುವರಿ ಗಂಟೆಗಳ ದುಡಿಮೆ) ನಿಂತಿತು. ಆಗಸ್ಟ್‌ನಲ್ಲಿ ರಾತ್ರಿ ಪಾಳಿ ಹೋಯಿತು, ಶನಿವಾರಗಳು ಲೇ-ಆಫ್ (ಕೆಲಸವಿಲ್ಲವೆಂದು ಮನೆಗೆ ಕಳಿಸುವ ದಿನ) ಆದವು. 50ಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರಣ 1947ರ ಕೈಗಾರಿಕಾ ವಿವಾದ ಕಾಯ್ದೆಯಂತೆ ಲೇ-ಆಫ್ ದಿನಕ್ಕೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕಿತ್ತು, ಅಂದರೆ ಟರ್ನರ್‌ಗೆ ದಿನಕ್ಕೆ 300 ರೂಪಾಯಿ. ಅದನ್ನು ಕೊಟ್ಟರು.

ಇಲ್ಲಿಯವರೆಗಿನದು ಅರ್ಥಶಾಸ್ತ್ರದ ಪುಸ್ತಕಗಳು ಚಕ್ರೀಯ ನಿರುದ್ಯೋಗ ಎನ್ನುವುದರ ಮುನ್ನುಡಿ. ಬೇಡಿಕೆ ಬಿದ್ದಿದೆ, ಮತ್ತೆ ಏಳುತ್ತದೆ, ಅಲ್ಲಿಯವರೆಗೆ ತಡೆದುಕೊಂಡರೆ ಸಾಕು. ಕಾರ್ಮಿಕರೆಲ್ಲ ಹಾಗೆಯೇ ಅಂದುಕೊಂಡರು. 2008–09ರಲ್ಲೂ ಹೀಗೇ ಆಗಿ, ವರ್ಷದೊಳಗೆ ಓಟಿ ವಾಪಸ್ ಬಂದಿದ್ದನ್ನು ಹಳಬರು ನೆನಪಿಸುತ್ತಿದ್ದರು. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸೂಚನೆ ಸಿಕ್ಕಿತ್ತು. ಖಾಲಿ ನಿಂತ ಸಿಎನ್‌ಸಿ ಯಂತ್ರಗಳಿಗೆ ಸರ್ವಿಸ್ ಮಾಡಿಸಿ, ಬೆಡ್‌ಗೆ ಎಣ್ಣೆ ಬಳಿದು, ಪ್ಲಾಸ್ಟಿಕ್ ಹೊದಿಸಿದರು. ಲೇಥ್‌ಗಳನ್ನು ನೋಡಲು ಹಳೆಯ ಯಂತ್ರಗಳ ವ್ಯಾಪಾರಿ ಬಂದು ಹೋದ. ಕುಸಿತದ ಕಾಲದಲ್ಲಿ ಯಾವ ಯಂತ್ರಕ್ಕೆ ಹೊದಿಕೆ ಹಾಕುತ್ತಾರೆ, ಯಾವುದಕ್ಕೆ ಬೆಲೆ ಕಟ್ಟಿಸುತ್ತಾರೆ ಎಂಬುದನ್ನು ನೋಡಿದರೆ, ಯಾವ ಕೆಲಸ ಮರಳುತ್ತದೆ, ಯಾವುದು ಮರಳುವುದಿಲ್ಲ ಎಂಬುದು ಯಾವ ಪತ್ರಿಕೆಗಿಂತ ಮೊದಲು ತಿಳಿಯುತ್ತದೆ.

ರಾಜೀನಾಮೆ ಪತ್ರ

ಅಕ್ಟೋಬರ್ ಮೂರನೇ ವಾರ ಲೇಥ್ ವಿಭಾಗದ 11 ಜನರನ್ನು ಒಬ್ಬೊಬ್ಬರಾಗಿ ಒಳಗೆ ಕರೆದರು. ಒಟ್ಟಿಗೆ ಕರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಮ್ಯಾನೇಜರ್ ಹೇಳಿದ್ದು ಇಷ್ಟು: "ರಾಜೀನಾಮೆ ಬರೆದುಕೊಡಿ, ಹದಿನೈದು ದಿನದಲ್ಲಿ ಗ್ರಾಚ್ಯುಟಿ, ಜೊತೆಗೆ ಎರಡು ತಿಂಗಳ ಸಂಬಳ. ಆರ್ಡರ್ ಬಂದ ಕೂಡಲೇ ಕರೀತೀವಿ. ಇಲ್ಲ ಅಂದ್ರೆ ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಅಲೀಬೇಕಾಗುತ್ತೆ."

ಲೆಕ್ಕ ನೋಡೋಣ. ಸೇವೆ 16 ವರ್ಷ 7 ತಿಂಗಳು. ಆರು ತಿಂಗಳು ದಾಟಿದ ಭಾಗವನ್ನು ಪೂರ್ತಿ ವರ್ಷವೆಂದು ಎಣಿಸುವುದರಿಂದ 17 ವರ್ಷ. ಗ್ರಾಚ್ಯುಟಿ: 15,600ನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 17ರಿಂದ ಗುಣಿಸಿದರೆ 1,53,000 ರೂಪಾಯಿ. ಎರಡು ತಿಂಗಳ ಸಂಬಳ 38,400. ಒಟ್ಟು 1,91,400. ಒಟ್ಟಿಗೆ ಅಷ್ಟು ಹಣವನ್ನು ಎಂದೂ ನೋಡದವರಿಗೆ ಇದು ದೊಡ್ಡ ಮೊತ್ತ.

ಕಾರ್ಖಾನೆಯೇ ಅವರನ್ನು ತೆಗೆದಿದ್ದರೆ, ಅಂದರೆ ಕಾನೂನಿನ ಮಾತಿನಲ್ಲಿ ರಿಟ್ರೆಂಚ್‌ಮೆಂಟ್ ಆಗಿದ್ದರೆ, ಕೈಗಾರಿಕಾ ವಿವಾದ ಕಾಯ್ದೆಯ 25-ಎಫ್ ಕಲಮಿನಂತೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ 19,200 ರೂಪಾಯಿ ಸಿಗಬೇಕಿತ್ತು. ಜೊತೆಗೆ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ, ಅಂದರೆ 9,600ರಂತೆ 17 ವರ್ಷಕ್ಕೆ 1,63,200. ಗ್ರಾಚ್ಯುಟಿ ಹೇಗಿದ್ದರೂ ಅವರದೇ, ಐದು ವರ್ಷ ಮೀರಿದವರು ರಾಜೀನಾಮೆ ಕೊಟ್ಟರೂ ಅದು ಬರುತ್ತದೆ. ಎಲ್ಲ ಸೇರಿ 3,35,400. ಸಹಿಯ ಬೆಲೆ 1,44,000 ರೂಪಾಯಿ. ಮ್ಯಾನೇಜರ್ ಕೊಡುಗೆ ಎಂಬಂತೆ ಮುಂದಿಟ್ಟ ಮೊತ್ತದ ಐದರಲ್ಲಿ ನಾಲ್ಕು ಪಾಲು ಟರ್ನರ್‌ಗೆ ಮೊದಲೇ ಸೇರಬೇಕಿದ್ದ ಗ್ರಾಚ್ಯುಟಿ.

ಹಣಕ್ಕಿಂತ ದೊಡ್ಡ ನಷ್ಟಗಳು ಇನ್ನೆರಡು. ತೆಗೆದುಹಾಕಿದ ಕಾರ್ಮಿಕರಿಗೆ, ಮಾಲೀಕರು ಮತ್ತೆ ಜನ ತೆಗೆದುಕೊಳ್ಳುವಾಗ, 25-ಎಚ್ ಕಲಮಿನಂತೆ ಮೊದಲ ಆದ್ಯತೆ ಇತ್ತು. ರಾಜೀನಾಮೆ ಕೊಟ್ಟವರಿಗೆ ಇರಲಿಲ್ಲ. ಹಾಗಾಗಿ "ಆರ್ಡರ್ ಬಂದ ಕೂಡಲೇ ಕರೀತೀವಿ" ಎಂಬುದು ಬರೀ ಬಾಯಿಮಾತಾಯಿತು. ಇನ್ನೊಂದು, ಇಎಸ್‌ಐ ನಿಗಮ 2018ರ ಜುಲೈನಿಂದ ಜಾರಿಗೆ ತಂದಿದ್ದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಕೆಲಸ ಹೋದ ವಿಮಾದಾರರಿಗೆ ಸರಾಸರಿ ದಿನಗಳಿಕೆಯ ಶೇ 25ರಷ್ಟನ್ನು 90 ದಿನಗಳವರೆಗೆ, ಜೀವಮಾನದಲ್ಲಿ ಒಮ್ಮೆ, ಆಗ ಕೊಡುತ್ತಿದ್ದ ಭತ್ಯೆ ಅದು. ದುರ್ನಡತೆಗೆ ಶಿಕ್ಷೆಯಾಗಿ ಕೆಲಸ ಹೋದವರಿಗೆ, ನಿವೃತ್ತರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇದು ಸಲ್ಲದು. ಟರ್ನರ್ ಕೈಬರಹದಲ್ಲೇ "ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ" ಎಂದಿತ್ತು. ಸುಮಾರು 14,000 ರೂಪಾಯಿಯ ಆ ಭತ್ಯೆಗೆ ಅವರು ಅರ್ಜಿಯನ್ನೇ ಹಾಕಲಿಲ್ಲ.

11ರಲ್ಲಿ ಎಂಟು ಮಂದಿ ಸಹಿ ಮಾಡಿದರು. ಉಳಿದ ಮೂವರು ಕಾರ್ಮಿಕ ಅಧಿಕಾರಿಯ ಮುಂದೆ ಹೋದರು. ಅಲ್ಲಿ ನಾಲ್ಕು ಬಾರಿ ಕೂತು ಮಾತಾದ ಮೇಲೆ ಫೆಬ್ರುವರಿಯಲ್ಲಿ ನೋಟಿಸ್ ವೇತನ ಮತ್ತು ಪರಿಹಾರ ಎರಡನ್ನೂ ಪಡೆದರು. ವರ್ಷಗಟ್ಟಲೆ ಎಂದದ್ದು ನಾಲ್ಕು ತಿಂಗಳಾಯಿತು. ಸಂಧಾನ ಮುರಿದಿದ್ದರೂ ದಾರಿ ಇತ್ತು. ಒಬ್ಬನೇ ಕಾರ್ಮಿಕನ ವಜಾ ಕೂಡ ಕಾಯ್ದೆಯ 2-ಎ ಕಲಮಿನಂತೆ ಕೈಗಾರಿಕಾ ವಿವಾದವೇ ಆಗಿತ್ತು, ಸಂಘದ ಬೆಂಬಲ ಬೇಕಿರಲಿಲ್ಲ. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಸಹಿ ಹಾಕಿದವರೂ ಬಲವಂತದ ರಾಜೀನಾಮೆ ಎಂದು ವಾದಿಸಬಹುದು, ಆದರೆ ಬಲವಂತವನ್ನು ಸಾಬೀತು ಮಾಡುವ ಹೊರೆ ಅವರ ಮೇಲೆ. ಸ್ವಂತ ಕೈಬರಹ ಆ ಹೊರೆಯನ್ನು ಇನ್ನಷ್ಟು ಭಾರವಾಗಿಸುತ್ತದೆ.

(2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ವರ್ಷಕ್ಕೆ 15 ದಿನದ ಪರಿಹಾರ ಅಲ್ಲೂ ಇದೆ. ಹೊಸದೆಂದರೆ, ತೆಗೆದ ಪ್ರತಿ ಕಾರ್ಮಿಕನಿಗೂ ಮಾಲೀಕರು 15 ದಿನದ ವೇತನವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನದೊಳಗೆ ಅವನ ಖಾತೆಗೆ ಬರಬೇಕು. ರಾಜೀನಾಮೆ ಬರೆದುಕೊಟ್ಟವನಿಗೆ ಅದೂ ಇಲ್ಲ.)

ಹುಡುಕಾಟ, ಮತ್ತು 0.02 ಮಿಲಿಮೀಟರ್

ನವೆಂಬರ್‌ನಿಂದ ಜನವರಿ ಕೊನೆಯವರೆಗೆ ಟರ್ನರ್ 14 ಘಟಕಗಳ ಬಾಗಿಲು ತಟ್ಟಿದರು. ಐದು ಕಡೆ ಕೆಲಸವೇ ಇರಲಿಲ್ಲ, ಅದು ಕುಸಿತದ ಫಲ. ಉಳಿದ ಒಂಬತ್ತು ಕಡೆ ಕೇಳಿದ್ದು ಒಂದೇ ಪ್ರಶ್ನೆ: ಸಿಎನ್‌ಸಿ ಬರುತ್ತಾ? ದೇಶದ ವಾಹನ ಉದ್ಯಮ ದಶಕಗಳಲ್ಲೇ ಕೆಟ್ಟ ವರ್ಷ ಕಾಣುತ್ತಿದ್ದಾಗಲೂ ಒಂಬತ್ತು ಘಟಕಗಳಿಗೆ ಜನ ಬೇಕಿತ್ತು. ಇದು ರಚನಾತ್ಮಕ ನಿರುದ್ಯೋಗ: ಕೆಲಸವೂ ಇದೆ, ಕೆಲಸಗಾರನೂ ಇದ್ದಾನೆ, ಎರಡೂ ಒಂದಕ್ಕೊಂದು ಕೂರುವುದಿಲ್ಲ. ಟರ್ನರ್ ಮಾತ್ರ ಇದನ್ನು ಆರ್ಡರ್ ಇಲ್ಲದ ಕಾಲದ ನೆಪ ಎಂದೇ ತಿಳಿದರು.

ಇದರ ನಡುವೆ ಇನ್ನೊಂದು ಬಗೆಯ ನಿರುದ್ಯೋಗವೂ ಸದ್ದಿಲ್ಲದೆ ಹಾದುಹೋಯಿತು. ಏಳು ಕಿಲೋಮೀಟರ್ ದೂರದ ಇನ್ನೊಂದು ಕೈಗಾರಿಕಾ ಪ್ರದೇಶದ ಟೂಲ್‌ರೂಮ್ (ಅಚ್ಚು, ಉಪಕರಣ ತಯಾರಿಸುವ ಘಟಕ) ಒಂದಕ್ಕೆ ಹಳೆಯ ಲೇಥ್ ಬಲ್ಲ, ಡ್ರಾಯಿಂಗ್ ಓದಬಲ್ಲ ಅನುಭವಿ ಬೇಕಿತ್ತು. ಸಂಬಳ 17,000. ಎರಡು ತಿಂಗಳು ಆ ಜಾಗ ಖಾಲಿಯೇ ಇತ್ತು. ಟರ್ನರ್‌ಗೆ ಸುದ್ದಿ ತಲುಪಿದ್ದು ಅದು ಭರ್ತಿಯಾದ ಮೇಲೆ. ಇಂಥ ಕೆಲಸಗಳು ಜಾಹೀರಾತಿಗೆ ಬರುವುದಿಲ್ಲ, ಗುತ್ತಿಗೆದಾರರು ಮತ್ತು ಟೂಲ್ ಅಂಗಡಿಯವರ ಬಾಯಿಯಲ್ಲಿ ತಿರುಗುತ್ತವೆ. ಟರ್ನರ್ ತಮ್ಮ ಪ್ರದೇಶದ ಗೇಟುಗಳ ಬೋರ್ಡುಗಳನ್ನಷ್ಟೇ ನೋಡುತ್ತಿದ್ದರು. ಘರ್ಷಣಾತ್ಮಕ ನಿರುದ್ಯೋಗ ಎಂಬ ಕ್ಲಿಷ್ಟ ಹೆಸರಿನ ಹಿಂದೆ ಇರುವುದು ಇಷ್ಟೇ, ಸುದ್ದಿ ತಲುಪಲು ಹಿಡಿದ ಸಮಯ. ಇದಕ್ಕೆ ತರಬೇತಿಯೂ ಬೇಡ, ಪ್ಯಾಕೇಜೂ ಬೇಡ, ಇನ್‌ಸರ್ಟ್ (ಕಡೆಯುವ ಟೂಲಿನ ಮೊನೆ) ಮಾರುವವನ ಹತ್ತಿರ ಫೋನ್ ನಂಬರ್ ಬಿಟ್ಟು ಬಂದಿದ್ದರೆ ಸಾಕಿತ್ತು.

ಜನವರಿ ಎರಡನೇ ವಾರ ಒಂದು ಘಟಕ ಟ್ರಯಲ್‌ಗೆ ಒಪ್ಪಿತು. ಫ್ಯಾನುಕ್ ಕಂಟ್ರೋಲ್ ಇದ್ದ ಸಿಎನ್‌ಸಿ ಲೇಥ್, ಪ್ರೋಗ್ರಾಂ ಮೊದಲೇ ಹಾಕಿಟ್ಟಿತ್ತು. ಕಡೆದ ಭಾಗದ ಹೊರವ್ಯಾಸ ಅಳತೆಗಿಂತ 0.04 ಮಿ.ಮೀ. ಹೆಚ್ಚಿತ್ತು. ಸರಿಮಾಡಿ ಎಂದರು. ಕೈಲೇಥ್‌ನಲ್ಲಿ ಟೂಲ್ ಹೊತ್ತ ಕ್ರಾಸ್ ಸ್ಲೈಡನ್ನು 0.02 ಒಳಗೆ ತಳ್ಳಿದರೆ ಎರಡೂ ಬದಿ ಸೇರಿ ವ್ಯಾಸ 0.04 ಇಳಿಯುತ್ತದೆ. ಹದಿನಾರು ವರ್ಷದ ಅಭ್ಯಾಸ ಬೆರಳಿನಲ್ಲಿತ್ತು. ಟೂಲಿನ ಸ್ಥಾನ ತಿದ್ದುವ ಆಫ್‌ಸೆಟ್ ಪುಟದಲ್ಲಿ ಎಕ್ಸ್ ವೇರ್‌ಗೆ (ಟೂಲ್ ಸವೆತದ ತಿದ್ದುಪಡಿ) ಮೈನಸ್ 0.02 ಹಾಕಿದರು. ಆದರೆ ಸಿಎನ್‌ಸಿ ಲೇಥ್‌ನಲ್ಲಿ ಸಾಮಾನ್ಯವಾಗಿ ಎಕ್ಸ್ ಅಳತೆ ವ್ಯಾಸದ ಲೆಕ್ಕದಲ್ಲೇ ಇರುತ್ತದೆ, ಮೈನಸ್ 0.04 ಹಾಕಬೇಕಿತ್ತು. ಭಾಗ ಮತ್ತೆ 0.02 ದಪ್ಪ ಬಂತು. ಪಕ್ಕದಲ್ಲಿ ನಿಂತಿದ್ದ ಇಪ್ಪತ್ತೆರಡರ ಹುಡುಗ, "ಅಣ್ಣ, ಇಲ್ಲಿ ಅರ್ಧ ಮಾಡಂಗಿಲ್ಲ, ಪೂರ್ತಿ ಡಯಾನೇ ಹಾಕ್ಬೇಕು" ಎಂದ.

ಆ ಘಟಕ ಅವರನ್ನು ಪೂರ್ತಿ ತಿರಸ್ಕರಿಸಲಿಲ್ಲ. ಮೂರು ತಿಂಗಳು ಟ್ರೈನಿ ಆಪರೇಟರ್ ಆಗಿ ಬನ್ನಿ, 12,000 ಕೊಡುತ್ತೇವೆ ಎಂದಿತು. ಟರ್ನರ್ ಒಪ್ಪಲಿಲ್ಲ. ಇಷ್ಟಕ್ಕಿಂತ ಕಡಿಮೆಗೆ ದುಡಿಯಲಾರೆ ಎಂದು ಪ್ರತಿಯೊಬ್ಬರೂ ಮನಸ್ಸಿನಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಅವರ ಗೆರೆ 18,000ದಲ್ಲಿತ್ತು. ಗ್ರಾಚ್ಯುಟಿ ಮತ್ತು ಪಿಎಫ್ ಹಣ ಕೈಯಲ್ಲಿದ್ದಾಗ ಆ ಗೆರೆ ಕೆಳಗಿಳಿಯುವುದಿಲ್ಲ. ಹಾಗೆ ಇಳಿಯದಿರುವುದು ತಪ್ಪಲ್ಲ, ಸರಿಯಾದ ಕೆಲಸಕ್ಕಾಗಿ ಕಾಯಲು ಕಸುವು ಕೊಡುವುದೇ ಆ ಹಣದ ಉಪಯೋಗ. ಇಲ್ಲಿನ ತೊಡಕು, ಅವರು ಕಾಯುತ್ತಿದ್ದ ಕೆಲಸದ ಲೇಥ್‌ಗಳನ್ನೇ ಆ ಹೊತ್ತಿಗೆ ಲಾರಿಗೆ ಹೇರುತ್ತಿದ್ದರು.

ಕೊಂಡದ್ದು ಅದೇ ಲೇಥ್

ಈ ಪ್ರಕರಣದಲ್ಲಿ ಅತಿ ಹೆಚ್ಚು ಚರ್ಚೆಗೆ ಅರ್ಹವಾದ ನಿರ್ಧಾರ ಇದು. ಕೆಲಸ ಬಿಟ್ಟು ಒಂದು ತಿಂಗಳಾದರೆ ಪಿಎಫ್‌ನ ಶೇ 75ರಷ್ಟನ್ನು ತೆಗೆಯಬಹುದೆಂಬ ನಿಯಮ ಆಗಿತ್ತು. 4,20,000ದಲ್ಲಿ 3,15,000 ಡಿಸೆಂಬರ್‌ನಲ್ಲಿ ಬಂತು. (ಹತ್ತು ವರ್ಷ ದಾಟಿದವರಿಗೆ ಪಿಂಚಣಿ ಭಾಗವನ್ನು ತೆಗೆಯಲಾಗುವುದಿಲ್ಲ. ಅಂಥವರು ಸೇವೆಯನ್ನು ದಾಖಲಿಸುವ ಸ್ಕೀಂ ಸರ್ಟಿಫಿಕೇಟ್ ಪಡೆದಿಟ್ಟುಕೊಂಡರೆ ಮುಂದಿನ ಸೇವೆ ಅದಕ್ಕೆ ಸೇರುತ್ತದೆ. ಟರ್ನರ್ ಇದೊಂದನ್ನು ಸರಿಯಾಗಿ ಮಾಡಿದರು.) ಟ್ರಯಲ್‌ನಲ್ಲಿ ಎಡವಿದ ಮೂರು ವಾರಕ್ಕೆ ಹಳೆಯ ಕಾರ್ಖಾನೆ ಲೇಥ್‌ಗಳನ್ನು ಮಾರುತ್ತಿದೆ ಎಂದು ತಿಳಿಯಿತು. ತಾವೇ ದುಡಿದ ಯಂತ್ರವನ್ನು 1,10,000ಕ್ಕೆ ಕೊಂಡರು. ಶೆಡ್ ಮುಂಗಡ 40,000, ತ್ರೀ-ಫೇಸ್ ಸಂಪರ್ಕ ಮತ್ತು ವೈರಿಂಗ್ 22,000, ಚಕ್ ಜಾ, ಟೂಲ್‌ಗಳಿಗೆ 18,000. ಒಟ್ಟು 1,90,000.

ಮಾರ್ಚ್ 2ರಂದು ಕೆಲಸ ಶುರುವಾಯಿತು. ಬುಷ್ ಒಂದಕ್ಕೆ 9 ರೂಪಾಯಿ, ದಿನಕ್ಕೆ 60. ತಿಂಗಳಿಗೆ 25 ದಿನ ಬಿಡುವಿಲ್ಲದೆ ದುಡಿದರೆ 13,500. ಬಾಡಿಗೆ 6,500, ಕರೆಂಟು 2,800, ಟೂಲ್ ಸವೆತ 1,500 ಕಳೆದರೆ ಉಳಿಯುವುದು 2,700 ರೂಪಾಯಿ. ಲೆಕ್ಕ ಮೊದಲೇ ಹಾಕಿದ್ದರೆ ಕಾಣುತ್ತಿತ್ತು. ಒಂದು ಭಾಗದ ದರವನ್ನು ಗೊತ್ತುಮಾಡುವುದು ಅದನ್ನು ಅತಿ ಬೇಗ ಕಡೆಯಬಲ್ಲ ಯಂತ್ರ, ನಮ್ಮ ಹತ್ತಿರ ಇರುವ ಯಂತ್ರವಲ್ಲ. 220 ಕಡೆಯುವವನ ದರದಲ್ಲಿ 60 ಕಡೆಯುವವನು ಬದುಕಲಾರ.

ಹಾಗೆಂದು ಕೈಲೇಥ್‌ಗೆ ಕೆಲಸವೇ ಇಲ್ಲ ಎಂದಲ್ಲ. ಬೋರ್‌ವೆಲ್ ಪಂಪಿನ ಸವೆದ ಶಾಫ್ಟು, ಮಣ್ಣು ಅಗೆಯುವ ಯಂತ್ರದ ಪಿನ್ನು, ಹಿಟ್ಟಿನ ಗಿರಣಿಯ ಪುಲ್ಲಿ, ಹೀಗೆ ಒಂದೊಂದೇ ಬರುವ ರಿಪೇರಿಗೆ ಸಿಎನ್‌ಸಿಯಲ್ಲಿ ಪ್ರೋಗ್ರಾಂ ಹಾಕಿ ಸೆಟ್ ಮಾಡುವ ಹೊತ್ತಿಗೆ ಕೈಲೇಥ್ ಕೆಲಸ ಮುಗಿಸಿರುತ್ತದೆ. ಅಲ್ಲಿ ದರವೂ ಮಾತಿನ ಮೇಲೆ ನಿಲ್ಲುತ್ತದೆ. ಆದರೆ ಅಂಥ ಗಿರಾಕಿ ಸಿಗುವುದು ತಾಲ್ಲೂಕು ಕೇಂದ್ರದ ಮುಖ್ಯರಸ್ತೆಯಲ್ಲಿ, ಕೈಗಾರಿಕಾ ಪ್ರದೇಶದ ಹಿಂದಿನ ಗಲ್ಲಿಯಲ್ಲಲ್ಲ. ಯಂತ್ರ ಸರಿಯಿತ್ತು, ಕೂರಿಸಿದ ಜಾಗ ಮತ್ತು ಒಪ್ಪಿಕೊಂಡ ಕೆಲಸ ತಪ್ಪಾಗಿತ್ತು. ಮೂರು ವಾರ ಓಡಿದ ಮೇಲೆ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು.

ಊರಿನಲ್ಲಿ ಐದು ತಿಂಗಳು

ಹೆಂಡತಿಯ ಕಾರ್ಖಾನೆಯೂ ಮುಚ್ಚಿತ್ತು. ಮೇ ಕೊನೆಗೆ ಕುಟುಂಬ ತುಮಕೂರು ಕಡೆಯ ಊರಿಗೆ ಹೋಯಿತು. ಮಳೆಯಾಶ್ರಿತ ಎರಡೂವರೆ ಎಕರೆ, ರಾಗಿ. ಅಪ್ಪ ಮತ್ತು ತಮ್ಮ ಅದುವರೆಗೆ ಇಬ್ಬರೇ ನೋಡಿಕೊಳ್ಳುತ್ತಿದ್ದ ಹೊಲಕ್ಕೆ ಈಗ ಟರ್ನರ್ ಮತ್ತು ಹೆಂಡತಿ ಸೇರಿ ನಾಲ್ವರು. ಬಿತ್ತನೆ, ಕುಂಟೆ, ಕಳೆ ಎಲ್ಲಕ್ಕೂ ನಾಲ್ವರೂ ಇಳಿದರು. ಹಿಂದಿನ ವರ್ಷ 17 ಮೂಟೆ ಬಂದಿತ್ತು, ಆ ವರ್ಷ 18. ಮಳೆ ತುಸು ಚೆನ್ನಾಗಿತ್ತು ಎಂದು ತಮ್ಮನೇ ಹೇಳುತ್ತಾನೆ. ಅಂದರೆ ಹೊಸದಾಗಿ ಬಂದ ಇಬ್ಬರ ದುಡಿಮೆಯಿಂದ ಬೆಳೆಗೆ ಕೂಡಿದ್ದು ಹೆಚ್ಚುಕಡಿಮೆ ಸೊನ್ನೆ. ಮರೆಮಾಚಿದ ನಿರುದ್ಯೋಗವೆಂದರೆ ಇದೇ. ಯಾರೂ ಸುಮ್ಮನೆ ಕೂತಿರುವುದಿಲ್ಲ, ಎಲ್ಲರ ಬೆನ್ನೂ ಬಿಸಿಲಿಗೆ ಸುಡುತ್ತಿರುತ್ತದೆ, ಆದರೂ ಇಬ್ಬರು ಎದ್ದು ಹೋದರೆ ಕಣದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕಳೆ ಮುಗಿದ ಮೇಲೆ ಕೊಯ್ಲಿನವರೆಗೆ ಆ ತೋರಿಕೆಯ ಕೆಲಸವೂ ಇರಲಿಲ್ಲ, ಅದು ಋತುಮಾನದ ನಿರುದ್ಯೋಗ.

ಕೈಗೆ ಕಾಸು ಬಂದದ್ದು ಉದ್ಯೋಗ ಖಾತ್ರಿಯಿಂದ. ಆ ವರ್ಷ ಕರ್ನಾಟಕದಲ್ಲಿ ದಿನಕ್ಕೆ 275 ರೂಪಾಯಿ. ಜಾಬ್ ಕಾರ್ಡಿಗೆ ಹೆಸರು ಸೇರಿಸಿ, ಬದು ನಿರ್ಮಾಣದಲ್ಲಿ ಟರ್ನರ್ 34 ದಿನ ದುಡಿದು 9,350 ಪಡೆದರು. ಮೊದಲ ಬಾರಿ ಕೆಲಸ ಕೇಳಿದ್ದು ಬಾಯಿಮಾತಿನಲ್ಲಿ, ಮೂರು ವಾರ ಕರೆಯೇ ಬರಲಿಲ್ಲ. ಎರಡನೇ ಬಾರಿ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ದಿನಾಂಕ ಹಾಕಿದ ಸ್ವೀಕೃತಿ ಪಡೆದರು, ಒಂಬತ್ತನೇ ದಿನಕ್ಕೆ ಕೆಲಸ ಸಿಕ್ಕಿತು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಆ ಕಾನೂನಿನಲ್ಲಿತ್ತು. ಎಣಿಕೆ ಶುರುವಾಗುವುದು ಆ ಸ್ವೀಕೃತಿಯ ದಿನಾಂಕದಿಂದ.

ಲೆಕ್ಕದಲ್ಲಿ ಅವರು ಯಾರು?

ದೇಶದ ನಿರುದ್ಯೋಗ ದರ ಬರುವುದು 2017ರಿಂದ ನಡೆಯುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಿಂದ. ಸಮೀಕ್ಷೆಯವರು ಟರ್ನರ್ ಮನೆಗೆ ಬಂದಿದ್ದರೆ ಏನು ಬರೆದುಕೊಳ್ಳುತ್ತಿದ್ದರು? ವಾರದ ಸ್ಥಿತಿಯ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿ. ಜನವರಿಯಲ್ಲಿ ಗೆಳೆಯನ ವರ್ಕ್‌ಶಾಪಿನಲ್ಲಿ ಅರ್ಧ ದಿನ ಪುಲ್ಲಿ ಕಡೆದ ವಾರ ಅವರು ಉದ್ಯೋಗಿ. ಮಾರ್ಚ್‌ನಲ್ಲಿ 2,700 ಉಳಿಯುವ ಲೆಕ್ಕಾಚಾರದ ಶೆಡ್ಡಿನಲ್ಲಿ ಸ್ವಯಂ ಉದ್ಯೋಗಿ. ಏಪ್ರಿಲ್, ಮೇನಲ್ಲಿ ಹುಡುಕದಿದ್ದರೂ ಕೆಲಸಕ್ಕೆ ಸಿದ್ಧರಿದ್ದುದರಿಂದ ನಿರುದ್ಯೋಗಿ. ಆ ತ್ರೈಮಾಸಿಕದಲ್ಲಿ ದೇಶದ ನಗರಗಳ ದರ ಶೇ 20ನ್ನು ದಾಟಿತ್ತು. ಜೂನ್‌ನಿಂದ ಹೊಲದಲ್ಲಿದ್ದಾಗ, ಸಂಬಳವಿಲ್ಲದ ಕುಟುಂಬ ಸಹಾಯಕ ಎಂಬ 21ನೇ ಸಂಕೇತದಡಿ ಮತ್ತೆ ಉದ್ಯೋಗಿ. ಇಡೀ ವರ್ಷವನ್ನು ನೋಡುವ ಸಾಮಾನ್ಯ ಸ್ಥಿತಿಯ ಲೆಕ್ಕದಲ್ಲಂತೂ ಪೂರಕ ಚಟುವಟಿಕೆಯಾಗಿ 30 ದಿನ ದುಡಿದರೂ ಉದ್ಯೋಗಿಯೇ. ಹದಿನಾಲ್ಕು ತಿಂಗಳು ಸಂಬಳವಿಲ್ಲದ ಮನುಷ್ಯ, ಹೆಚ್ಚು ಉಲ್ಲೇಖವಾಗುವ ವಾರ್ಷಿಕ ದರದಲ್ಲಿ ಕಾಣುವುದೇ ಇಲ್ಲ. ಇದು ಸಮೀಕ್ಷೆಯ ಮೋಸವಲ್ಲ. ಆ ದರ ಅಳೆಯುವುದು ಕೆಲಸ ಇದೆಯೋ ಇಲ್ಲವೋ ಎಂಬುದನ್ನು, ಆ ಕೆಲಸದಿಂದ ಮನೆ ನಡೆಯುತ್ತದೆಯೋ ಎಂಬುದನ್ನಲ್ಲ.

ತಿರುವು

ಅಕ್ಟೋಬರ್‌ನಲ್ಲಿ ಆರ್ಡರ್‌ಗಳು ಮರಳಿದವು. ಟರ್ನರ್ ಫೋನ್ ಮಾಡಿದಾಗ ಹಳೆಯ ಕಾರ್ಖಾನೆ ಎರಡು ಹೊಸ ಸಿಎನ್‌ಸಿ ತಂದಿತ್ತು, ಆರು ಹುಡುಗರನ್ನು ಗುತ್ತಿಗೆಯಲ್ಲಿ ತೆಗೆದುಕೊಂಡಿತ್ತು. ಒಂಬತ್ತೂ ಲೇಥ್‌ಗಳ ಜಾಗ ಖಾಲಿಯಾಗಿತ್ತು. ಬೇಡಿಕೆಯ ಚಕ್ರ ಒಂದು ಸುತ್ತು ಬಂದಿತ್ತು, ಅವರು ನಿಂತಿದ್ದ ಜಾಗ ಮಾತ್ರ ಅಲ್ಲಿರಲಿಲ್ಲ. ಚಕ್ರೀಯ ಮತ್ತು ರಚನಾತ್ಮಕ ಎಂಬ ಎರಡು ವಿಧಗಳನ್ನು ಪಠ್ಯಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಕಾರ್ಖಾನೆಯಲ್ಲಿ ಅವು ಹೀಗೆ ಒಂದರ ಬೆನ್ನಿಗೆ ಒಂದು ಬರುತ್ತವೆ. ತುಂಬಿದ ಕಾಲದಲ್ಲಿ ಮುಂದೂಡಿದ ಬದಲಾವಣೆಯನ್ನು ಮಾಲೀಕರು ಕುಸಿತದ ಬಿಡುವಿನಲ್ಲಿ ಮಾಡಿ ಮುಗಿಸುತ್ತಾರೆ.

ನವೆಂಬರ್‌ನಲ್ಲಿ ಲೇಥನ್ನು ರಿಪೇರಿ ಅಂಗಡಿಯವರೊಬ್ಬರಿಗೆ 78,000ಕ್ಕೆ ಮಾರಿದರು. ಅದರಲ್ಲಿ 8,500 ಕಟ್ಟಿ ಸರ್ಕಾರಿ ತರಬೇತಿ ಕೇಂದ್ರವೊಂದರಲ್ಲಿ ಆರು ವಾರದ ಸಿಎನ್‌ಸಿ ಟರ್ನಿಂಗ್ ಕೋರ್ಸ್ ಸೇರಿದರು. ಅಲ್ಲಿನ ಬೋಧಕರು ಒಂದು ಒಳ್ಳೆಯ ಕೆಲಸ ಮಾಡಿದರು. ಎಲ್ಲರ ಜೊತೆ ಮೈಕ್ರೋಮೀಟರ್ ಓದುವ ಪಾಠಕ್ಕೆ ಕೂರಿಸದೆ, ಅವರಿಗೆ ಏನು ಬರುವುದಿಲ್ಲ ಎಂದು ಮೊದಲ ದಿನವೇ ಪಟ್ಟಿ ಮಾಡಿದರು. ಡ್ರಾಯಿಂಗ್, ಟಾಲರೆನ್ಸ್, ಕಟಿಂಗ್ ಸ್ಪೀಡ್, ಇನ್‌ಸರ್ಟ್ ಆಯ್ಕೆ ಎಲ್ಲ ಬರುತ್ತಿತ್ತು. ಬಾರದಿದ್ದದ್ದು ಟೂಲ್ ಆಫ್‌ಸೆಟ್, ಯಂತ್ರಕ್ಕೆ ಆಜ್ಞೆ ಕೊಡುವ ಜಿ ಸಂಕೇತಗಳಲ್ಲಿ ಜಿ54ರ ವರ್ಕ್ ಆಫ್‌ಸೆಟ್, ಒರಟು ಕಡೆತಕ್ಕೆ ಜಿ71, ಅಂತಿಮ ಕಡೆತಕ್ಕೆ ಜಿ70, ಸ್ಕ್ರೂ ಥ್ರೆಡ್ ಕಡೆಯಲು ಜಿ76, ಮತ್ತು ನಡುವೆ ನಿಂತ ಪ್ರೋಗ್ರಾಮನ್ನು ಟೂಲ್ ತಾಗಿಸದೆ ಮತ್ತೆ ಶುರುಮಾಡುವುದು. ಮೊದಲ ಎರಡು ವಾರ ಆಫ್‌ಸೆಟ್ ಮಾತ್ರ. ವರ್ಷಗಟ್ಟಲೆಯ ಕಂದಕ ಎಂದು ಟರ್ನರ್ ಹೆದರಿದ್ದು ಆರು ವಾರದಲ್ಲಿ ದಾಟುವಂಥದ್ದಾಗಿತ್ತು. ಒಂದು ವರ್ಷದಿಂದ ಯಾರೂ ಅದನ್ನು ಅಳೆದಿರಲಿಲ್ಲ.

ಡಿಸೆಂಬರ್ ಕೊನೆಯ ಟ್ರಯಲ್‌ನಲ್ಲಿ ಸಪೂರ ಪಿನ್ ಒಂದು 80 ಮಿ.ಮೀ. ಉದ್ದಕ್ಕೆ 0.03 ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಪೂರ) ಬರುತ್ತಿತ್ತು. ಅಲ್ಲಿದ್ದ ಆಪರೇಟರ್ ಆಫ್‌ಸೆಟ್ ಬದಲಿಸುತ್ತಲೇ ಇದ್ದ. ಇಂಥ ಟೇಪರ್ ಆಫ್‌ಸೆಟ್‌ನಿಂದ ಹೋಗುವುದಿಲ್ಲ, ಟೂಲಿನ ಒತ್ತಡಕ್ಕೆ ಪಿನ್ನು ಬಾಗುತ್ತಿರುತ್ತದೆ. ಟರ್ನರ್ 0.8 ನೋಸ್ ರೇಡಿಯಸ್‌ನ (ಮೊನೆಯ ದುಂಡು) ಇನ್‌ಸರ್ಟ್ ತೆಗೆದು 0.4ರದ್ದು ಹಾಕಿಸಿದರು, ಕೊನೆಯ ಕಟ್ ತೆಳುಮಾಡಿಸಿದರು. ಪಿನ್ನು ನೇರವಾಯಿತು. 2021ರ ಜನವರಿ 4ರಂದು 14,500ಕ್ಕೆ ಟ್ರೈನಿ ಸೆಟ್ಟರ್ (ಯಂತ್ರವನ್ನು ಕೆಲಸಕ್ಕೆ ಹೊಂದಿಸುವವ) ಆಗಿ ಸೇರಿಸಿಕೊಂಡರು. ವರ್ಷದ ಹಿಂದಿನ 12,000ಕ್ಕೆ ಒಪ್ಪಿದ್ದರೆ ಲಾಕ್‌ಡೌನ್ ಆ ಕೆಲಸವನ್ನೂ ನುಂಗುತ್ತಿತ್ತೋ ಏನೋ, ಆದರೆ ಆಫ್‌ಸೆಟ್ ಪುಟದ ಭಯ ಆಗಲೇ ಹೋಗಿರುತ್ತಿತ್ತು, 1,90,000 ಶೆಡ್ಡಿಗೆ ಹೋಗುತ್ತಿರಲಿಲ್ಲ.

ಉಳಿದ ಏಳು ಸಹಿದಾರರಲ್ಲಿ ಇಬ್ಬರು ಟೂಲ್‌ರೂಮ್‌ಗಳಲ್ಲಿ ಕಡಿಮೆ ಸಂಬಳಕ್ಕೆ ಸೇರಿದ್ದಾರೆ, ಮೂವರು ಸೆಕ್ಯೂರಿಟಿ ಕೆಲಸದಲ್ಲಿದ್ದಾರೆ, ಒಬ್ಬರು ಆಟೊ ಓಡಿಸುತ್ತಾರೆ, ಒಬ್ಬರು ಊರಿನಿಂದ ಮರಳಲೇ ಇಲ್ಲ.

2021ರ ಅಕ್ಟೋಬರ್ ಕೊನೆಯಲ್ಲಿ ಟರ್ನರ್ ಸೆಟ್ಟರ್ ಆಗಿ ಕಾಯಂ ಆದರು. ಸಂಬಳ 21,600, ಹಳೆಯ ಕಾರ್ಖಾನೆಗಿಂತ 2,400 ಹೆಚ್ಚು. ಇಎಸ್‌ಐ ವೇತನ ಮಿತಿ 21,000. ಆರು ತಿಂಗಳ ವಂತಿಗೆ ಅವಧಿಯ ನಡುವೆ ಮಿತಿ ದಾಟಿದವರು ಆ ಅವಧಿ ಮುಗಿಯುವವರೆಗೆ ಒಳಗಿರುತ್ತಾರೆ, ಹಾಗಾಗಿ 2022ರ ಮಾರ್ಚ್ 31ರವರೆಗೆ ಅವರ ವಂತಿಗೆ ಕಡಿತವಾಯಿತು. ಅಲ್ಲಿಂದಾಚೆಗೆ ವಂತಿಗೆ ನಿಂತಿತು, ಕಟ್ಟಿದ ವಂತಿಗೆಯ ಸೌಲಭ್ಯದ ಅವಧಿ ಮುಗಿದ ಮೇಲೆ ಅವರು ವಿಮಾದಾರರಲ್ಲ, ನಿರುದ್ಯೋಗ ಭತ್ಯೆಯ ವ್ಯಾಪ್ತಿಯಲ್ಲೂ ಇಲ್ಲ.